ಮೈಲೇಜ್ ಕೊಡುತ್ತೇನೆನ್ನುವ ಸಾಧನ, ಮೈಲೇಜ್ ತೋರಿಸುವ ಸಾಧನ

ಕಾರಿನ ಸ್ಟೀರಿಂಗ್ ಕೆಳಗೆ, ಚಾಲಕನ ಮೊಣಕಾಲಿನ ಹತ್ತಿರ, ಹದಿನಾರು ಪಿನ್‌ಗಳ ಒಂದು ಸಾಕೆಟ್ ಇರುತ್ತದೆ. ಎಂಜಿನ್‌ನ ದೋಷಗಳನ್ನು ಓದಲು ಮೆಕ್ಯಾನಿಕ್‌ಗಳು ಸ್ಕ್ಯಾನರ್ ಜೋಡಿಸುವುದು ಅದಕ್ಕೇ. 2013ರ ಏಪ್ರಿಲ್‌ನಿಂದ ಭಾರತದಲ್ಲಿ ಮಾರಾಟವಾಗುವ ಕಾರುಗಳಿಗೆ ಎಂಜಿನ್ ದೋಷಗಳನ್ನು ಕಾರೇ ಪತ್ತೆಹಚ್ಚಿ ದಾಖಲಿಸುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಗಿರುವುದರಿಂದ ಆಮೇಲೆ ಬಂದ ಎಲ್ಲ ಪೆಟ್ರೋಲ್ ಕಾರುಗಳಲ್ಲೂ ಈ ಸಾಕೆಟ್ ಸಿಗುತ್ತದೆ. ಇಂಧನ ಉಳಿಸುವ ಹೆಸರಿನಲ್ಲಿ ಆನ್‌ಲೈನ್ ಅಂಗಡಿಗಳು ಮಾರುವ ಎರಡು ಸಾಧನಗಳು ಕೂರುವುದೂ ಇಲ್ಲಿಯೇ. ಗಾತ್ರ, ಆಕಾರ, ಹೆಚ್ಚುಕಡಿಮೆ ಬೆಲೆ ಕೂಡ ಒಂದೇ. ಒಂದನ್ನು ಚುಚ್ಚಿಟ್ಟರೆ ಮೈಲೇಜ್ ತಾನಾಗಿಯೇ ಏರುತ್ತದೆ ಎಂದು ಮಾರಾಟಗಾರರು ಹೇಳುತ್ತಾರೆ. ಇನ್ನೊಂದು ಎಂಜಿನ್ ಏನು ಮಾಡುತ್ತಿದೆ ಎಂಬುದನ್ನು ಮೊಬೈಲಿಗೆ ಕಳುಹಿಸುವುದನ್ನು ಬಿಟ್ಟು ಬೇರೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಎರಡನ್ನೂ ಬಳಸಿ ನೋಡಿದ ಮೇಲೆ, ಅವುಗಳ ಜೊತೆಗೆ ಟಯರಿಗೆ ಗಾಳಿ ತುಂಬುವ ಒಂದು ಪಂಪ್, ಗ್ಯಾರೇಜ್ ಒಂದರ ‘ಮೈಲೇಜ್ ಪ್ಯಾಕೇಜ್’ ಮತ್ತು ಸಿಎನ್‌ಜಿ ಕಿಟ್‌ನ ಲೆಕ್ಕಾಚಾರವನ್ನೂ ಸೇರಿಸಿ ಈ ವಿಮರ್ಶೆ ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಮಾರುಕಟ್ಟೆಯಲ್ಲಿ ಹಣ ಕೊಡಲು ಯೋಗ್ಯವಾದವು ಅಳೆಯುವ ವಸ್ತುಗಳು ಮಾತ್ರ. ತಾವೇ ಇಂಧನ ಉಳಿಸುತ್ತೇವೆ ಎನ್ನುವವುಗಳಲ್ಲಿ ಬಹುಪಾಲು ಯಾವ ಕೆಲಸಕ್ಕೂ ಬಾರವು.

ನನ್ನ ಕಾರು 998 ಸಿಸಿಯ ಮೂರು ಸಿಲಿಂಡರ್ ಕೆ10ಬಿ ಎಂಜಿನ್ ಇರುವ, ಕೈಯಿಂದ ಗೇರ್ ಹಾಕುವ ಮಾರುತಿ ವ್ಯಾಗನ್ಆರ್. ಈ ಪೀಳಿಗೆಯ ಕಾರಿಗೆ ವಾಹನ ಪರೀಕ್ಷಾ ಸಂಸ್ಥೆಯಾದ ಎಆರ್‌ಎಐ ಪ್ರಮಾಣೀಕರಿಸಿದ ಅಂಕಿ ಲೀಟರಿಗೆ 20.51 ಕಿಲೋಮೀಟರ್. ಆ ಅಂಕಿ ಹುಟ್ಟಿದ್ದು ರಸ್ತೆಯಲ್ಲಲ್ಲ, ಪ್ರಯೋಗಾಲಯದ ರೋಲರುಗಳ ಮೇಲೆ, ಗಂಟೆಗೆ 90 ಕಿಲೋಮೀಟರ್ ದಾಟದ ಒಂದು ನಿಗದಿತ ಚಾಲನಾ ಕ್ರಮದಲ್ಲಿ. ಅಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ ಇಲ್ಲ, ಹಂಪ್‌ಗಳಿಲ್ಲ, ಎದುರುಗಾಳಿಯಿಲ್ಲ. ಆದ್ದರಿಂದ ಬೆಂಗಳೂರಿನ ಒಳಗೆ ಎಸಿ ಹಾಕಿಕೊಂಡು ಓಡಾಡುವಾಗ 13ರ ಆಸುಪಾಸು ಸಿಕ್ಕರೆ ಕಾರು ಕೆಟ್ಟಿದೆ ಎಂದು ತಿಳಿಯಬೇಕಾಗಿಲ್ಲ. ನನ್ನ ಆರಂಭದ ಅಳತೆಯೂ ಅಷ್ಟೇ ಇತ್ತು.

ಅಳತೆಯ ವಿಧಾನದ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಮೈಲೇಜ್ ಸಾಧನಗಳ ಕೆಳಗೆ ಜನ ಬರೆಯುವ ಐದು ನಕ್ಷತ್ರದ ಹೊಗಳಿಕೆಗಳು ಬಹುತೇಕ ಇಲ್ಲಿಯೇ ಎಡವುತ್ತವೆ. ಟ್ಯಾಂಕ್ ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಪೂರ್ತಿ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿಸಿದ ಲೀಟರಿನಿಂದ ಭಾಗಿಸುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಆದರೆ ಬಂಕಿನ ನಳಿಕೆ ಆಟೋ ಕಟ್ ಆಗುವ ಜಾಗ ಪ್ರತಿ ಸಲವೂ ಒಂದೇ ಇರುವುದಿಲ್ಲ. ನೆಲದ ಇಳಿಜಾರು, ಪೆಟ್ರೋಲ್ ಹಾಕುವ ಹುಡುಗನ ಕೈ, ನೊರೆ, ಎಲ್ಲವೂ ಸೇರಿ ಅರ್ಧ ಲೀಟರ್ ಆಚೀಚೆಯಾಗುವುದು ಸಾಮಾನ್ಯ. 25 ಲೀಟರಿನ ಲೆಕ್ಕದಲ್ಲಿ ಅರ್ಧ ಲೀಟರ್ ಎಂದರೆ ಶೇ 2. ಒಂದೇ ಟ್ಯಾಂಕಿನ ಅಳತೆಯಲ್ಲಿ ‘ಮೊದಲು 15.1 ಬರುತ್ತಿತ್ತು, ಈಗ 15.4 ಬರುತ್ತಿದೆ’ ಎಂದು ಸಂಭ್ರಮಿಸುವವರು ವಾಸ್ತವದಲ್ಲಿ ನಳಿಕೆಯ ಚಂಚಲತೆಯನ್ನು ಅಳೆದಿರುತ್ತಾರೆ. ಒಂದೇ ಬಂಕು, ಒಂದೇ ಪಂಪು, ಹಲವು ಟ್ಯಾಂಕ್‌ಗಳ ಸರಾಸರಿ, ಇವು ಮೂರೂ ಇಲ್ಲದಿದ್ದರೆ ಚಿಕ್ಕ ವ್ಯತ್ಯಾಸಗಳ ಬಗ್ಗೆ ಮಾತಾಡದಿರುವುದೇ ಒಳ್ಳೆಯದು.

ಇದರ ಜೊತೆಗೆ ಇನ್ನೊಂದು ತೊಡಕು ಪೆಟ್ರೋಲಿನದೇ. ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಈಗ ಬಹುತೇಕ ಎಲ್ಲ ಬಂಕುಗಳಲ್ಲೂ ಇದೆ. ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಎಥನಾಲ್ ಮಿಶ್ರಣದ ಮಾರ್ಗಸೂಚಿಯೇ, ಶುದ್ಧ ಪೆಟ್ರೋಲಿಗಾಗಿ ವಿನ್ಯಾಸಗೊಂಡು ಶೇ 10ರಷ್ಟು ಎಥನಾಲ್ ಇರುವ ಇ10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಇ20ಯಿಂದ ಮೈಲೇಜ್ ಶೇ 6ರಿಂದ 7ರಷ್ಟು ಇಳಿಯಬಹುದೆಂದು ಅಂದಾಜಿಸಿತ್ತು. ಇದನ್ನು ಹೇಳಲು ಕಾರಣವಿದೆ. ಹಳೆಯ ಡೈರಿಯಲ್ಲಿ ಬರೆದಿಟ್ಟ ಮೈಲೇಜನ್ನು ಇಂದಿನದಕ್ಕೆ ಹೋಲಿಸಿ ‘ಎಂಜಿನ್ ಸವೆದಿದೆ’ ಎಂದು ಹೆದರಿಸುವ, ಹೆದರಿಸಿದ ಮೇಲೆ ಪ್ಯಾಕೇಜ್ ಮಾರುವ ಗ್ಯಾರೇಜ್‌ಗಳಿವೆ. ಹೋಲಿಕೆ ಏನಿದ್ದರೂ ಇ20 ಬಂದ ನಂತರದ ಅಂಕಿಗಳ ನಡುವೆಯೇ ಆಗಬೇಕು.

ಈಗ ಮೊದಲ ಸಾಧನಕ್ಕೆ ಬರೋಣ. ಡಬ್ಬಿಯ ಮೇಲಿನ ವಿವರಣೆಯ ಪ್ರಕಾರ ಇದು ಸುಮಾರು 240 ಕಿಲೋಮೀಟರ್ ಓಡುವಷ್ಟರಲ್ಲಿ ನಿಮ್ಮ ಚಾಲನೆಯ ರೀತಿಯನ್ನು ಕಲಿತುಕೊಂಡು, ಎಂಜಿನ್ ನಿಯಂತ್ರಿಸುವ ಇಸಿಯುವನ್ನು ಅದಕ್ಕೆ ತಕ್ಕಂತೆ ಮರುಹೊಂದಿಸುತ್ತದೆ. ಸಾಕೆಟ್‌ಗೆ ಚುಚ್ಚಿದೊಡನೆ ಮೂರು ದೀಪಗಳು ಉತ್ಸಾಹದಿಂದ ಮಿನುಗುತ್ತವೆ. ಕವಚ ಬಿಚ್ಚಿದರೆ ಒಳಗಿರುವುದು ಆ ದೀಪಗಳು, ಅವನ್ನು ಮಿನುಗಿಸಲು ಒಂದು ಅಗ್ಗದ ಚಿಪ್, ಒಂದು ಗುಂಡಿ, ಕೆಲವು ರೆಸಿಸ್ಟರ್‌ಗಳು. ಕಾರಿನ ಕಂಪ್ಯೂಟರಿನೊಂದಿಗೆ ಮಾತನಾಡಬೇಕಾದರೆ ಕಾರಿನೊಳಗೆ ಸಂದೇಶಗಳು ಸಾಗುವ ಕ್ಯಾನ್ ಜಾಲಕ್ಕೆ ಸಂದೇಶ ಕಳುಹಿಸಿ ಪಡೆಯುವ ಟ್ರಾನ್ಸೀವರ್ ಎಂಬ ಬಿಡಿಭಾಗ ಬೇಕೇಬೇಕು. ನನ್ನ ಕೈಯಲ್ಲಿದ್ದ ಹಲಗೆಯಲ್ಲಿ ಅದೇ ಇರಲಿಲ್ಲ. ಕೇಳಿಸಿಕೊಳ್ಳಲು ಕಿವಿಯೇ ಇಲ್ಲದ ಸಾಧನ ಕಲಿಯುವುದಾದರೂ ಏನನ್ನು? ಇಷ್ಟಕ್ಕೂ ಇಸಿಯುವಿನ ಇಂಧನ ನಕ್ಷೆಯನ್ನು ತಯಾರಕರು ವರ್ಷಗಟ್ಟಲೆ ಪರೀಕ್ಷಿಸಿ, ಹೊಗೆಯ ಮಿತಿ, ಎಂಜಿನ್‌ನ ಬಾಳಿಕೆ, ಮೈಲೇಜ್ ಮೂರನ್ನೂ ತೂಗಿ ಹೊಂದಿಸಿರುತ್ತಾರೆ. ಕೆಲವು ನೂರು ರೂಪಾಯಿಯ ಪ್ಲಗ್‌ನಿಂದ ಶೇ 15 ಉಳಿಯುವುದಾಗಿದ್ದರೆ, ಅರ್ಧ ಕಿಲೋಮೀಟರ್ ಹೆಚ್ಚಿನ ಮೈಲೇಜನ್ನೂ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವ ಕಂಪನಿಗಳು ಅದನ್ನು ಕಾರ್ಖಾನೆಯಲ್ಲೇ ಅಳವಡಿಸುತ್ತಿದ್ದವು. ನನ್ನ ಕಾರಿನ ಸರಾಸರಿ ಎಳ್ಳಷ್ಟೂ ಕದಲಲಿಲ್ಲ.

ಇದರ ನೆಂಟರಿಷ್ಟರ ಪಟ್ಟಿ ದೊಡ್ಡದಿದೆ. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ ಇಂಧನದ ಕಣಗಳನ್ನು ‘ಸಾಲಾಗಿ ನಿಲ್ಲಿಸುತ್ತದೆ’ ಎನ್ನುತ್ತಾರೆ. ಪೆಟ್ರೋಲಿನ ಹೈಡ್ರೋಕಾರ್ಬನ್‌ಗಳ ಮೇಲೆ ಅಂಥ ಅಯಸ್ಕಾಂತಕ್ಕೆ ಹೇಳಿಕೊಳ್ಳುವಂಥ ಯಾವ ಹಿಡಿತವೂ ಇಲ್ಲ. ನೀರನ್ನು ಒಡೆದು ಹೈಡ್ರೋಜನ್ ಊಡಿಸುವ ಎಚ್‌ಎಚ್‌ಒ ಕಿಟ್‌ಗೆ ಬೇಕಾದ ವಿದ್ಯುತ್ತು ಆಲ್ಟರ್ನೇಟರ್‌ನಿಂದ, ಆಲ್ಟರ್ನೇಟರ್‌ನ ಬಲ ಎಂಜಿನ್‌ನಿಂದ, ಎಂಜಿನ್‌ನ ಬಲ ಅದೇ ಪೆಟ್ರೋಲಿನಿಂದ ಬರಬೇಕಾದ್ದರಿಂದ ಪ್ರತಿ ಹಂತದಲ್ಲೂ ನಷ್ಟವೇ. ಟಯರಿಗೆ ನೈಟ್ರೋಜನ್ ತುಂಬಿಸುವುದು ಇವುಗಳಷ್ಟು ಸುಳ್ಳಲ್ಲ, ಒತ್ತಡ ಸ್ವಲ್ಪ ನಿಧಾನವಾಗಿ ಇಳಿಯಬಹುದು. ಆದರೆ ಉಚಿತವಾಗಿ ಸಿಗುವ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇರುವಾಗ ಅದಕ್ಕೆ ಪ್ರತಿ ಸಲವೂ ದುಡ್ಡು ಕೊಡುವುದು ನನಗೆ ಸರಿಕಾಣಲಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಪ್ಪತ್ತರ ದಶಕದಿಂದ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಬೆರಳೆಣಿಕೆಯಷ್ಟು ಮಾತ್ರ ಅತ್ಯಲ್ಪ ಪ್ರಯೋಜನ ತೋರಿಸಿದವು, ಕೆಲವು ಎಂಜಿನ್‌ಗೇ ಹಾನಿ ಮಾಡುವಂಥವಾಗಿದ್ದವು.

ಎರಡನೆಯ ಸಾಧನ ಬ್ಲೂಟೂತ್ ಒಬಿಡಿ ರೀಡರ್. ಇಎಲ್‌ಎಂ327 ಎಂಬ ಚಿಪ್‌ನ ಹೆಸರಿನಲ್ಲಿ ಮಾರಾಟವಾಗುವ ಇವುಗಳ ಬೆಲೆ ಕೆಲವು ನೂರು ರೂಪಾಯಿಗಳಿಂದ ಆರಂಭವಾಗುತ್ತದೆ. ತೀರಾ ಅಗ್ಗದವು ನಕಲಿಯ ನಕಲಿ. ಕೆಲವು ಕಾರುಗಳೊಂದಿಗೆ ಸಂಪರ್ಕವೇ ಸಾಧಿಸುವುದಿಲ್ಲ, ಸಾಧಿಸಿದರೂ ಅಂಕಿಗಳು ತಡೆತಡೆದು ಬರುತ್ತವೆ. ಸ್ವಲ್ಪ ಹೆಚ್ಚು ಕೊಟ್ಟು, ಹಿಂತಿರುಗಿಸುವ ಅವಕಾಶ ಇರುವ ಕಡೆ ಕೊಳ್ಳುವುದು ಕ್ಷೇಮ. ಆಂಡ್ರಾಯ್ಡ್ ಫೋನಿಗೆ ಸಾಧಾರಣ ಬ್ಲೂಟೂತ್ ಸಾಕು. ಐಫೋನ್ ಇರುವವರು ಬ್ಲೂಟೂತ್ ಎಲ್‌ಇ ಅಥವಾ ವೈಫೈ ಇರುವ ಮಾದರಿಯನ್ನೇ ನೋಡಿಕೊಳ್ಳಬೇಕು. ಜೋಡಿಸುವುದು ಸುಲಭ. ಇದನ್ನು ಓದಲು ಟಾರ್ಕ್‌ನಂಥ ಹಲವು ಆ್ಯಪ್‌ಗಳಿವೆ. ಆರ್‌ಪಿಎಂ, ಕೂಲಂಟ್‌ನ ಉಷ್ಣಾಂಶ, ಥ್ರಾಟಲ್, ಎಂಜಿನ್ ಮೇಲಿನ ಹೊರೆ, ಆ ಕ್ಷಣದ ಇಂಧನ ಬಳಕೆ, ಇಡೀ ಪಯಣದ ಸರಾಸರಿ, ಎಲ್ಲವೂ ಪರದೆಯ ಮೇಲೆ ಬರುತ್ತವೆ.

ಇದಕ್ಕೂ ದೋಷಗಳಿವೆ, ಅವನ್ನು ತಿಳಿಯದೆ ಕೊಂಡರೆ ಒಂದು ವಾರದಲ್ಲಿ ಬೇಸರವಾಗುತ್ತದೆ. ವ್ಯಾಗನ್ಆರ್‌ನಂಥ ಕಾರುಗಳಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್ ಇರುವುದಿಲ್ಲ. ಎಂಜಿನ್ನಿಗೆ ಗಾಳಿ ಸಾಗಿಸುವ ಮ್ಯಾನಿಫೋಲ್ಡ್ ಕೊಳವೆಯೊಳಗಿನ ಒತ್ತಡ ಮತ್ತು ಉಷ್ಣಾಂಶದಿಂದ ಗಾಳಿಯನ್ನು, ಗಾಳಿಯಿಂದ ಪೆಟ್ರೋಲನ್ನು ಆ್ಯಪ್ ಊಹಿಸುತ್ತದೆ. ಹೀಗಾಗಿ ಮೊದಲ ದಿನ ಅದು ತೋರಿಸುವ ಮೈಲೇಜ್‌ಗೂ ಬಂಕಿನ ಲೆಕ್ಕಕ್ಕೂ ಶೇ 10ರಷ್ಟು ಅಂತರ ಇದ್ದರೆ ಆಶ್ಚರ್ಯವಿಲ್ಲ. ಎಂಜಿನ್‌ನ ಗಾತ್ರವನ್ನು ಸರಿಯಾಗಿ ನಮೂದಿಸಿ, ಟ್ಯಾಂಕ್ ತುಂಬಿಸಿದಾಗಲೆಲ್ಲ ಹಿಡಿಸಿದ ಲೀಟರನ್ನು ನೋಡಿ ತಿದ್ದುಪಡಿಯ ಅಂಶವನ್ನು ಹೊಂದಿಸುತ್ತ ಹೋದರೆ ಅದು ನಂಬುವಂತಾಗುತ್ತದೆ. ಇದಕ್ಕಿಂತ ಸೂಕ್ಷ್ಮವಾದ ದೋಷ ಇಳಿಜಾರಿನಲ್ಲಿ ಕಾಣುತ್ತದೆ. ಗೇರಿನಲ್ಲಿ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಇಸಿಯು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಮುಚ್ಚಿಬಿಡುತ್ತದೆ; ಪೆಟ್ರೋಲ್ ಹೋಗುವುದೇ ಇಲ್ಲ. ಆದರೆ ಸಿಲಿಂಡರಿನೊಳಗೆ ಗಾಳಿ ಹೋಗುತ್ತಲೇ ಇರುವುದರಿಂದ, ಗಾಳಿಯನ್ನು ನೋಡಿ ಪೆಟ್ರೋಲ್ ಊಹಿಸುವ ಆ್ಯಪ್ ಇಲ್ಲದ ಬಳಕೆಯನ್ನು ತೋರಿಸುತ್ತದೆ. ‘ಫ್ಯುಯೆಲ್ ಸಿಸ್ಟಮ್ ಸ್ಟೇಟಸ್’ ಎಂಬ ಸಾಲನ್ನು ಪರದೆಗೆ ಸೇರಿಸಿಕೊಂಡರೆ ನಿಜ ಸ್ಥಿತಿ ಗೊತ್ತಾಗುತ್ತದೆ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ ಸೊನ್ನೆಯ ಹತ್ತಿರ ಕುಸಿಯುವುದೂ ಇಂಜೆಕ್ಟರ್ ಮುಚ್ಚಿದ್ದಕ್ಕೆ ಸಾಕ್ಷಿ. ಇನ್ನೂ ಒಂದು: ಕಾರನ್ನು ದಿನಗಟ್ಟಲೆ ನಿಲ್ಲಿಸುವವರು ರೀಡರನ್ನು ಕಿತ್ತಿಡಬೇಕು. ಕೀಲಿ ತೆಗೆದ ಮೇಲೂ ಸಾಕೆಟ್‌ಗೆ ಬ್ಯಾಟರಿಯ ಸಂಪರ್ಕ ಇರುತ್ತದೆ.

ಇಷ್ಟೆಲ್ಲ ದೋಷವಿದ್ದೂ ಇದನ್ನೇ ಏಕೆ ಮೆಚ್ಚುತ್ತೇನೆ ಎಂದರೆ, ಚಾಲನೆಯ ಬಗ್ಗೆ ನಾವು ಪರಂಪರೆಯಿಂದ ಪಡೆದ ಅನೇಕ ನಂಬಿಕೆಗಳನ್ನು ಇದು ಕಣ್ಣೆದುರೇ ಪರೀಕ್ಷೆಗೆ ಒಡ್ಡುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು, ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂಬುದು. ಕಾರ್ಬ್ಯುರೇಟರ್ ಕಾಲದಲ್ಲಿ ಅದಕ್ಕೆ ಅಷ್ಟಿಷ್ಟು ಅರ್ಥವಿತ್ತು. ಈಗ ಶಿರಾಡಿಯಲ್ಲಿ ಸಕಲೇಶಪುರದ ಕಡೆಯಿಂದ ಗುಂಡ್ಯದತ್ತ ಇಳಿಯುವಾಗಲೋ ಚಾರ್ಮಾಡಿಯ ತಿರುವುಗಳಲ್ಲೋ ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ನಿಲ್ಲದಂತೆ ನೋಡಿಕೊಳ್ಳಲು ಇಸಿಯು ಪೆಟ್ರೋಲ್ ಊಡಿಸುತ್ತಲೇ ಇರಬೇಕಾಗುತ್ತದೆ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಬಳಕೆ ಸೊನ್ನೆ. ಎಂಜಿನ್‌ನ ತಡೆ ಸಿಗುವುದರಿಂದ ಬ್ರೇಕ್ ಕಾಯುವುದಿಲ್ಲ ಎಂಬುದು ಉಳಿತಾಯಕ್ಕಿಂತ ದೊಡ್ಡ ಲಾಭ. ಪಟ್ಟಣದೊಳಗೂ ಇದೇ ನಿಯಮ ನಡೆಯುತ್ತದೆ: ಮುಂದಿನ ಸಿಗ್ನಲ್ ಕೆಂಪಾಗಿದ್ದರೆ ಅಲ್ಲಿಯವರೆಗೂ ಒತ್ತಿಕೊಂಡು ಹೋಗಿ ಬ್ರೇಕ್ ಹಾಕುವುದಕ್ಕಿಂತ ದೂರದಲ್ಲೇ ಕಾಲು ತೆಗೆದು, ಗೇರಿನಲ್ಲೇ ಉರುಳಿಕೊಂಡು ಹೋಗಿ, ಎಂಜಿನ್ ಐಡ್ಲಿಂಗ್ ವೇಗದ ಹತ್ತಿರ ಬಂದಾಗ ಕ್ಲಚ್ ತುಳಿಯುವುದು. ನನ್ನ ನಗರದ ಸರಾಸರಿ ಏರಿದ್ದರಲ್ಲಿ ಹೆಚ್ಚಿನ ಪಾಲು ಈ ಒಂದು ಅಭ್ಯಾಸದ್ದು. ಹಿಂದಿನ ಆಟೋದವರು ಹಾರನ್ ಹೊಡೆಯುತ್ತಾರೆ, ಹೊಡೆಯಲಿ. ಅವರೂ ಅದೇ ಸಿಗ್ನಲ್ಲಿಗೇ ಬಂದು ನಿಲ್ಲಬೇಕು.

ನಿಂತಾಗ ಏನಾಗುತ್ತದೆ ಎಂಬುದನ್ನೂ ರೀಡರ್ ಲೆಕ್ಕ ಹಾಕಿಕೊಡುತ್ತದೆ. ಬಿಸಿಯಾದ ಎಂಜಿನ್ ಎಸಿ ಇಲ್ಲದೆ ಸುಮ್ಮನೆ ಓಡುತ್ತಿರುವಾಗ ನನ್ನ ಕಾರು ಗಂಟೆಗೆ 0.6 ಲೀಟರಿನ ಆಸುಪಾಸು ಕುಡಿಯುತ್ತದೆ. ಎಸಿ ಕಂಪ್ರೆಸರ್ ಸೇರಿಕೊಂಡರೆ ಅದು 1 ಲೀಟರಿನ ಹತ್ತಿರ ಹೋಗುತ್ತದೆ. ಹೋಗುವಾಗ ಬರುವಾಗ ಸಿಗ್ನಲ್‌ಗಳಲ್ಲಿ ಒಟ್ಟು ಅರ್ಧ ಗಂಟೆ ನಿಲ್ಲುವ ಬೆಂಗಳೂರಿನ ಉದ್ಯೋಗಿಗೆ ಇದು ದಿನಕ್ಕೆ ಮೂರನೇ ಒಂದು ಲೀಟರಿನಿಂದ ಅರ್ಧ ಲೀಟರಿನವರೆಗಿನ ಬಾಬ್ತು. ಪೆಟ್ರೋಲಿಯಂ ಸಚಿವಾಲಯದ ಅಡಿಯ ಪಿಸಿಆರ್‌ಎ ಸಂಸ್ಥೆ ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿ ಎಂದು ದಶಕಗಳಿಂದ ಹೇಳುತ್ತ ಬಂದಿದೆ. ಸೆಕೆಂಡ್ ಎಣಿಸುವ ಫಲಕವಿರುವ ಕಡೆ, ಅರ್ಧ ನಿಮಿಷಕ್ಕಿಂತ ಹೆಚ್ಚು ಉಳಿದಿದ್ದರೆ ನಾನು ಆರಿಸುತ್ತೇನೆ. ಫಲಕ ಕೆಟ್ಟಿರುವ ಕಡೆ ಆ ಸಾಹಸ ಬೇಡ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸಿ ಬಿಸಿ ಮಾಡುವ ಪದ್ಧತಿಯೂ ಹೀಗೆಯೇ ದಂಡ: ಕೂಲಂಟ್‌ನ ಅಂಕಿ ನೋಡುತ್ತಿದ್ದರೆ, ನಿಂತ ಕಾರಿಗಿಂತ ನಿಧಾನವಾಗಿ ಓಡುವ ಕಾರು ಬೇಗ ಬಿಸಿಯಾಗುವುದು ಕಾಣುತ್ತದೆ. ತಣ್ಣಗಿನ ಎಂಜಿನ್‌ಗೆ ಇಸಿಯು ಹೆಚ್ಚು ಪೆಟ್ರೋಲ್ ಕೊಡುತ್ತದೆ. ಮನೆಯಿಂದ ಎರಡು ಕಿಲೋಮೀಟರ್ ದೂರದ ತರಕಾರಿ ಅಂಗಡಿಗೆ ಹೋಗಿಬರುವ ಕಾರಿನ ಮೈಲೇಜ್ ಏಕೆ ಅಷ್ಟು ಹೀನಾಯ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಹೆದ್ದಾರಿಯ ಕಥೆ ಬೇರೆ. ಅಲ್ಲಿ ಎದುರಾಳಿ ಗಾಳಿ. ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ, ಅಂದರೆ 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚುವುದು ಕಾಲು ಭಾಗ, ತಡೆ ಹೆಚ್ಚುವುದು ಅರ್ಧಕ್ಕೂ ಮಿಕ್ಕು. ಪೆಟ್ಟಿಗೆಯಾಕಾರದ ಎತ್ತರದ ವ್ಯಾಗನ್ಆರ್‌ಗೆ ಇದು ಇನ್ನಷ್ಟು ತಟ್ಟುತ್ತದೆ. 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗರಿಷ್ಠ ಮಿತಿ 100. ಆ ಮಿತಿಯಲ್ಲೇ ಹಿಡಿದು ಓಡಿಸಿದರೆ ನನಗೆ ಲೀಟರಿಗೆ ಸುಮಾರು 16, 80ರಲ್ಲಿ ಓಡಿಸಿದರೆ ಸುಮಾರು 20 ಸಿಗುತ್ತದೆ. ಲೆಕ್ಕ ಹಾಕಿದರೆ ಒಂದು ಬದಿಯ ಪಯಣಕ್ಕೆ ಒಂದೂವರೆ ಲೀಟರ್ ಉಳಿಯುತ್ತದೆ, ಹದಿನೆಂಟು ನಿಮಿಷ ಖರ್ಚಾಗುತ್ತದೆ. ಹದಿನೆಂಟು ನಿಮಿಷಕ್ಕೆ ನೂರೈವತ್ತು ರೂಪಾಯಿ ಎಂಬ ದರ ಅವರವರ ಅನುಕೂಲಕ್ಕೆ ಬಿಟ್ಟದ್ದು. ಮದುವೆ ಮುಹೂರ್ತಕ್ಕೆ ಹೊರಟವರಿಗೆ ಒಂದು, ಚಾಮುಂಡಿ ಬೆಟ್ಟ ನೋಡಲು ಹೊರಟವರಿಗೆ ಇನ್ನೊಂದು. ಆದರೆ ಈ ವ್ಯಾಪಾರದ ದರ ಚಾಲಕನಿಗೆ ಗೊತ್ತಿರಬೇಕು, ಅದನ್ನು ತಿಳಿಸುವುದೇ ರೀಡರಿನ ಉಪಯೋಗ. ಒಂದು ಎಚ್ಚರಿಕೆ: ಓಡಿಸುವಾಗ ಪರದೆ ನೋಡುತ್ತ ಕೂರಬಾರದು. ಪಯಣ ಮುಗಿದ ಮೇಲೆ ದಾಖಲೆ ತೆರೆದು ನೋಡಿದರೆ ಸಾಕು.

ರೀಡರಿನ ನಂತರ ನಾನು ಖಂಡಿತವಾಗಿ ಶಿಫಾರಸು ಮಾಡುವುದು ಕಾರಿನ 12 ವೋಲ್ಟ್ ಸಾಕೆಟ್ಟಿನಿಂದ ನಡೆಯುವ, ಒತ್ತಡವನ್ನು ಅಂಕಿಯಲ್ಲಿ ತೋರಿಸಿ ತಾನೇ ನಿಲ್ಲುವ ಗಾಳಿ ಪಂಪನ್ನು. ನಾಲ್ಕೂ ಟಯರುಗಳ ಸರಾಸರಿ ಒತ್ತಡ 1 ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು ಶೇ 0.2ರಷ್ಟು ಇಳಿಯುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಕೇಳಲು ಇದು ಅಲ್ಪವೇ. ಆದರೆ ತಿಂಗಳುಗಟ್ಟಲೆ ಗಾಳಿ ನೋಡಿಸದ ಕಾರುಗಳಲ್ಲಿ ಎಂಟು ಹತ್ತು ಪಿಎಸ್‌ಐ ಕಡಿಮೆ ಇರುವುದು ಅಪರೂಪವಲ್ಲ, ಟಯರಿನ ಅಂಚು ಸವೆಯುವ ನಷ್ಟ ಬೇರೆ. ಬಂಕಿನಲ್ಲಿ ಉಚಿತ ಗಾಳಿ ಇರುವಾಗ ಎರಡು ಸಾವಿರದಷ್ಟು ಖರ್ಚು ಏಕೆ ಎಂಬ ಪ್ರಶ್ನೆ ಸಹಜ. ಉತ್ತರ ಟಯರಿನ ಉಷ್ಣತೆಯಲ್ಲಿದೆ: ಚಾಲಕನ ಬಾಗಿಲಿನ ಬಳಿಯ ಸ್ಟಿಕ್ಕರಿನಲ್ಲಿ ಬರೆದಿರುವುದು ತಣ್ಣಗಿನ ಟಯರಿನ ಒತ್ತಡ, ಬಂಕು ತಲುಪುವಷ್ಟರಲ್ಲಿ ಟಯರ್ ಬಿಸಿಯಾಗಿ ಒತ್ತಡ ಏರಿರುತ್ತದೆ, ಅಲ್ಲಿ ಸ್ಟಿಕ್ಕರಿನ ಅಂಕಿಗೆ ಸರಿಮಾಡಿದರೆ ಬೆಳಿಗ್ಗೆ ಅದು ಕಡಿಮೆಯೇ ಆಗಿರುತ್ತದೆ. ಮನೆಯ ಮುಂದೆ, ಕಾರು ಅಲುಗುವ ಮೊದಲೇ ಅಳೆಯುವುದೇ ಸರಿಯಾದ ಅಳತೆ. ಪಂಪ್‌ನ ಶಬ್ದ ಮಾತ್ರ ವಿಪರೀತ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಮುಂಜಾನೆ ಬಳಸಿದರೆ ನೆರೆಯವರ ಸ್ನೇಹಕ್ಕೆ ಧಕ್ಕೆ ಬಂದೀತು. ಮೈಲೇಜ್ ಆಸೆಗೆ ಸ್ಟಿಕ್ಕರಿಗಿಂತ ಬಹಳ ಹೆಚ್ಚು ತುಂಬುವವರಿದ್ದಾರೆ. ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯಾಗಿ ಬ್ರೇಕಿನ ದೂರ ಹೆಚ್ಚುವುದರಿಂದ ಆ ಉಳಿತಾಯ ಬೇಡ.

ಗ್ಯಾರೇಜಿನ ಪ್ಯಾಕೇಜ್ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಥ್ರಾಟಲ್ ಬಾಡಿ ಶುಚಿ, ಇಂಜೆಕ್ಟರ್ ಶುಚಿ, ಡೀಕಾರ್ಬನೈಸಿಂಗ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಎಲ್ಲ ಸೇರಿ ಸಾವಿರಾರು ರೂಪಾಯಿ. ಎಂಜಿನ್ ಮಿಸ್ ಹೊಡೆಯದೆ, ಎಚ್ಚರಿಕೆ ದೀಪ ಹತ್ತದೆ ಸರಿಯಾಗಿದ್ದರೆ ಇವುಗಳಲ್ಲಿ ಬಹುಪಾಲಿನಿಂದ ಅಳೆಯಬಹುದಾದ ಬದಲಾವಣೆ ಆಗುವುದಿಲ್ಲ, ನನಗೂ ಆಗಲಿಲ್ಲ. ಕೊಳೆಯಾದ ಏರ್ ಫಿಲ್ಟರ್‌ನಿಂದ ಇಂಜೆಕ್ಷನ್ ಕಾರಿನ ಎಳೆತ ಕುಗ್ಗುತ್ತದೆಯೇ ಹೊರತು ಮೈಲೇಜ್ ಅಷ್ಟಾಗಿ ಕುಗ್ಗುವುದಿಲ್ಲ, ಏಕೆಂದರೆ ಬಂದಷ್ಟು ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಇಸಿಯು ಕೊಡುತ್ತದೆ. ಅದೇ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಬಿಲ್ಲಿಗೆ ಸೇರಿಸದೆ ಮಾಡಿದ ಒಂದು ಕೆಲಸ ಮಾತ್ರ ಬೆಲೆಯುಳ್ಳದ್ದಾಗಿತ್ತು: ಜಾಕ್ ಹಾಕಿ ಚಕ್ರಗಳನ್ನು ಕೈಯಿಂದ ತಿರುಗಿಸಿ, ಮುಂದಿನ ಒಂದು ಬ್ರೇಕ್ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಬಿಗಿದುಕೊಂಡು ಉಜ್ಜುತ್ತಿರುವುದನ್ನು ಕಂಡುಹಿಡಿದರು. ಬ್ರೇಕ್ ಹಿಡಿದುಕೊಂಡೇ ಓಡುವ ಕಾರಿಗೆ ಯಾವ ಮದ್ದು ಹಾಕಿದರೂ ಮೈಲೇಜ್ ಬಾರದು. ಎಂಜಿನ್ ಆಯಿಲ್ ವಿಷಯದಲ್ಲಿ ಕೈಪಿಡಿ ಹೇಳಿದ ಗ್ರೇಡನ್ನೇ ಹಾಕಿಸಬೇಕು. ‘ನಮ್ಮ ಊರಿನ ಬಿಸಿಲಿಗೆ’ ಎಂದು ದಪ್ಪ ಆಯಿಲ್ ಸುರಿಸಿಕೊಂಡರೆ ಶೇ 1ರಿಂದ 2ರಷ್ಟು ಅಲ್ಲಿಯೇ ಹೋಗುತ್ತದೆ.

ಮಾರ್ಪಾಡುಗಳಲ್ಲಿ ಹಾನಿ ಮಾಡುವವೇ ಹೆಚ್ಚು. ಅಗಲವಾದ ಟಯರ್ ಮತ್ತು ಅಲಾಯ್ ಚಕ್ರ, ಛಾವಣಿಯ ಮೇಲೆ ಖಾಲಿ ಕ್ಯಾರಿಯರ್, ಕೇಂದ್ರ ಸಾರಿಗೆ ಸಚಿವಾಲಯ 2017ರ ಕೊನೆಯಲ್ಲಿ ಅನಧಿಕೃತವೆಂದು ತೆಗೆಸಲು ಸೂಚಿಸಿದ ಕ್ರ್ಯಾಶ್ ಗಾರ್ಡ್, ಇವೆಲ್ಲವೂ ತೂಕವನ್ನೋ ಗಾಳಿಯ ತಡೆಯನ್ನೋ ಹೆಚ್ಚಿಸುತ್ತವೆ. ಟಯರಿನ ಅಳತೆ ಬದಲಾದರೆ ಲೆಕ್ಕವೇ ದಾರಿ ತಪ್ಪುತ್ತದೆ ಎಂಬುದನ್ನು ಗಮನಿಸಬೇಕು. 155/65 ಆರ್14 ಇರುವ ಕಾರಿಗೆ 165/70 ಆರ್14 ಹಾಕಿಸಿದರೆ ಚಕ್ರದ ವ್ಯಾಸ ಶೇ 5ರಷ್ಟು ಹೆಚ್ಚುತ್ತದೆ. ಕಾರು 105 ಕಿಲೋಮೀಟರ್ ಓಡಿದಾಗ ಓಡೋಮೀಟರ್ ಬರೆಯುವುದು 100. ಮಾಲೀಕರು ಮೈಲೇಜ್ ಇಳಿಯಿತೆಂದು ದೂರುವುದರಲ್ಲಿ ಅರ್ಧ ನಿಜ, ಅರ್ಧ ಮೀಟರಿನ ತಪ್ಪು. ವಾಹನವನ್ನು ತಯಾರಕರ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ ಎಂಬುದನ್ನೂ ಇಂಥ ಕೆಲಸಕ್ಕೆ ಕೈ ಹಾಕುವವರು ನೆನಪಿಟ್ಟುಕೊಳ್ಳಬೇಕು.

ಕಾನೂನು ಒಪ್ಪುವ, ಹಣವನ್ನೂ ನಿಜವಾಗಿ ಉಳಿಸುವ ಒಂದು ದೊಡ್ಡ ಮಾರ್ಪಾಡು ಸಿಎನ್‌ಜಿ. ಅದರಲ್ಲೂ ಅಂಕಿಗಳ ಮಾಯೆಯಿದೆ. ‘ಪೆಟ್ರೋಲಿನಲ್ಲಿ 18, ಗ್ಯಾಸಿನಲ್ಲಿ 26’ ಎಂದು ಕಿಟ್ ಅಳವಡಿಸುವವರು ಹೇಳುವಾಗ ಮೊದಲನೆಯದು ಲೀಟರಿಗೆ, ಎರಡನೆಯದು ಕಿಲೋಗ್ರಾಮಿಗೆ. ಒಂದು ಕಿಲೋ ಸಿಎನ್‌ಜಿಯಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಸರಿಸುಮಾರು ಒಂದೂವರೆ ಪಟ್ಟು. ಕಾರ್ಖಾನೆಯಿಂದಲೇ ಬರುವ ಈಗಿನ ಪೀಳಿಗೆಯ 1 ಲೀಟರ್ ವ್ಯಾಗನ್ಆರ್‌ನ ಅಧಿಕೃತ ಅಂಕಿಗಳೂ ಇದನ್ನೇ ಹೇಳುತ್ತವೆ: ಪೆಟ್ರೋಲ್ ಮ್ಯಾನ್ಯುಯಲ್‌ನಲ್ಲಿ ಲೀಟರಿಗೆ 24.35, ಸಿಎನ್‌ಜಿಯಲ್ಲಿ ಕಿಲೋಗೆ 34.05. ಎಂಜಿನ್ ಜಾಣನಾದದ್ದೇನಿಲ್ಲ, ಇಂಧನದ ಅಳತೆಗೋಲು ದೊಡ್ಡದಾಗಿದೆ. ಆದ್ದರಿಂದ ನೋಡಬೇಕಾದದ್ದು ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂಬುದನ್ನು, ತಿಂಗಳಿಗೆ ಎಷ್ಟು ಓಡಿಸುತ್ತೀರಿ ಎಂಬುದನ್ನು, ನಿಮ್ಮ ದಾರಿಯಲ್ಲಿ ಸಿಎನ್‌ಜಿ ಬಂಕ್ ಇದೆಯೇ, ಇದ್ದರೆ ಸಾಲು ಎಷ್ಟು ಉದ್ದ ಎಂಬುದನ್ನು. ಅನುಮೋದಿತ ಕಿಟ್ಟನ್ನೇ ಹಾಕಿಸಿ ಆರ್‌ಸಿಯಲ್ಲಿ ಆರ್‌ಟಿಒ ಮೂಲಕ ನಮೂದಿಸಬೇಕು, ವಿಮೆ ಕಂಪನಿಗೆ ತಿಳಿಸಬೇಕು, ಸಿಲಿಂಡರಿನ ಹೈಡ್ರೋ ಪರೀಕ್ಷೆಯನ್ನು (ನೀರಿನ ಒತ್ತಡದಿಂದ ಮಾಡುವ ಗಟ್ಟಿತನದ ಪರೀಕ್ಷೆ) ಮೂರು ವರ್ಷಕ್ಕೊಮ್ಮೆ ಮಾಡಿಸಬೇಕು. ಡಿಕ್ಕಿ ಹೋಯಿತೆಂದೇ ತಿಳಿಯಿರಿ, ಏರಿನಲ್ಲಿ ಎಳೆತವೂ ಸ್ವಲ್ಪ ಕಡಿಮೆ. ದಿನವೂ ದೂರ ಓಡಿಸುವ ಟ್ಯಾಕ್ಸಿಯವರಿಗೆ ಇದು ಸರಿ. ವಾರಾಂತ್ಯಕ್ಕೆ ಮಾತ್ರ ಕಾರು ತೆಗೆಯುವ ನನ್ನಂಥವರಿಗೆ ಕಿಟ್‌ನ ಅಸಲು ಹುಟ್ಟುವಷ್ಟರಲ್ಲಿ ಕಾರನ್ನೇ ಮಾರುವ ಸಮಯ ಬಂದಿರುತ್ತದೆ, ಹಾಗಾಗಿ ಹಾಕಿಸಲಿಲ್ಲ.

ನಗರದಲ್ಲಿ 13ರ ಸುತ್ತ ಇದ್ದ ಸರಾಸರಿ ಈಗ ಹೆಚ್ಚುಕಡಿಮೆ 15ರಲ್ಲಿ ನಿಂತಿದೆ. ಇದರಲ್ಲಿ ಸ್ವಲ್ಪ ಬಿಡಿಸಿದ ಕ್ಯಾಲಿಪರಿನದು, ಸ್ವಲ್ಪ ಟಯರಿನದು, ಉಳಿದದ್ದು ಬಲಗಾಲಿನದು. ರೀಡರ್ ಎಲ್ಲರಿಗೂ ಬೇಕೆಂದಿಲ್ಲ. ಈಚಿನ ಅನೇಕ ಕಾರುಗಳಲ್ಲಿ ಆ ಕ್ಷಣದ ಮೈಲೇಜ್ ಮತ್ತು ಸರಾಸರಿ ಮೀಟರ್ ಫಲಕದಲ್ಲೇ ಬರುತ್ತವೆ. ಟಯರಿನ ಒತ್ತಡ ತೋರಿಸುವ ವ್ಯವಸ್ಥೆಯೂ ಇರುತ್ತದೆ. ಅಂಥವರು ಆ ಪರದೆಯನ್ನು ಸಮಯ ತೋರಿಸುವುದಕ್ಕೆ ಇಟ್ಟುಕೊಳ್ಳದೆ ಮೈಲೇಜಿನ ಪುಟಕ್ಕೆ ತಿರುಗಿಸಿಕೊಂಡರೆ, ಗಾಳಿ ಪಂಪ್ ಒಂದರ ಖರ್ಚಿನಲ್ಲೇ ಕೆಲಸ ಮುಗಿಯುತ್ತದೆ. 2013ರ ನಂತರದ, ಆದರೆ ಅಂಥ ಪರದೆ ಇಲ್ಲದ ಕಾರಿನವರು ರೀಡರ್ ಕೊಳ್ಳಬಹುದು. ಕೊಳ್ಳುವಾಗ ಜಾಹೀರಾತನ್ನು ಒಮ್ಮೆ ಓದಿ: ಶೇಕಡಾ ಇಷ್ಟು ಪೆಟ್ರೋಲ್ ಉಳಿಸುತ್ತದೆ ಎಂದು ಬರೆದಿದ್ದರೆ ಅದು ದೀಪ ಮಿನುಗಿಸುವ ಡಬ್ಬಿ, ಕಾರಿನ ಕಂಪ್ಯೂಟರಿನ ಯಾವ ಯಾವ ಸಂವಹನ ಪ್ರೊಟೊಕಾಲ್‌ಗಳಲ್ಲಿ ಓದಬಲ್ಲದು ಎಂದು ಬರೆದಿದ್ದರೆ ನಿಮಗೆ ಬೇಕಾದದ್ದು ಅದೇ.